ಎರವಲು ಅಂಗಿ

ಕೆಲವು ವರ್ಷಗಳ ಹಿಂದೆ, ಮನೆಯಲ್ಲಿ ಯಾರೂ ಇಲ್ಲದ ಒಂದು ಸಂಜೆ, ಆಫ್ಘಾನಿಸ್ತಾನದ ಒಂದು ಸಿನಿಮಾ ನೋಡಿದೆ. ಹೆಸರು ‘ಒಸಾಮಾ’. ಸಿದ್ದೀಕ್ ಬರ್ಮಕ್ ಎಂಬ ನಿರ್ದೇಶಕರು 2003ರಲ್ಲಿ ತೆಗೆದದ್ದು. ಹೆಸರು ಕೇಳಿ ಬಾಂಬು, ಬಂದೂಕುಗಳ ಕಥೆ ಇರಬಹುದೆಂದು ಅಳುಕುತ್ತಲೇ ಕುಳಿತೆ. ಆದರೆ ಅದು ಒಬ್ಬ ಹುಡುಗಿಯ ಕಥೆ. ತಾಲಿಬಾನ್ ಆಳ್ವಿಕೆಯ ಕಾಬೂಲ್ ನಗರ. ಮನೆಯಲ್ಲಿ ಅಜ್ಜಿ, ತಾಯಿ, ಮಗಳು, ಮೂವರೇ. ಗಂಡಸರೆಲ್ಲ ಒಂದಲ್ಲ ಒಂದು ಯುದ್ಧದಲ್ಲಿ ಸತ್ತಿದ್ದಾರೆ. ತಾಯಿ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದವಳು; ಹೆಂಗಸರು ಕೆಲಸ ಮಾಡಕೂಡದೆಂಬ ಕಟ್ಟಳೆ ಬಂದು ಅದೂ ತಪ್ಪಿಹೋಗಿದೆ. ಗಂಡಸಿನ ಜೊತೆಯಿಲ್ಲದೆ ಬೀದಿಗೆ ಇಳಿಯುವ ಹಾಗಿಲ್ಲ. ಒಲೆ ಉರಿಯುವುದು ಹೇಗೆ? ಕೊನೆಗೆ ಮಗಳ ಕೂದಲು ಕತ್ತರಿಸಿ, ಗಂಡು ಬಟ್ಟೆ ತೊಡಿಸಿ, ಹುಡುಗನೆಂದು ಹೇಳಿ ಕೆಲಸಕ್ಕೆ ಕಳಿಸುತ್ತಾರೆ.

ಆ ಹುಡುಗಿ ಕತ್ತರಿಸಿದ ತನ್ನ ಕೂದಲನ್ನು ಎಸೆಯುವುದಿಲ್ಲ. ಅದನ್ನು ಒಂದು ಹೂವಿನ ಕುಂಡದಲ್ಲಿ ನೆಡುತ್ತಾಳೆ. ಗಿಡ ನೆಟ್ಟ ಹಾಗೆ. ಸಿನಿಮಾದಲ್ಲಿ ಮುಂದೆ ಇದಕ್ಕಿಂತ ಘೋರವಾದದ್ದು ಎಷ್ಟೋ ಬರುತ್ತದೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ಕುಂಡ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಲೇ ಇದೆ. ಮಗಳಿಗೆ ಗಂಡಿನ ಅಂಗಿ ತೊಡಿಸುವ ತಾಯಿ ಅವಳಿಗೆ ಉಪಕಾರ ಮಾಡುತ್ತಾಳೋ, ಅಪಕಾರ ಮಾಡುತ್ತಾಳೋ?

ಇದು ಸಿನಿಮಾದವರು ಕಟ್ಟಿದ ಕಥೆಯಷ್ಟೇ ಎಂದು ನಾನು ತಿಳಿದಿದ್ದೆ. ಅಲ್ಲವೆಂದು ಗೊತ್ತಾದದ್ದು ಆಮೇಲೆ. ಆ ದೇಶದಲ್ಲಿ ಇದಕ್ಕೊಂದು ಹೆಸರೇ ಇದೆ: ‘ಬಚಾ ಪೋಶ್’. ದರಿ ಭಾಷೆಯ ಮಾತು. ಹುಡುಗನ ಉಡುಪು ತೊಟ್ಟವಳು ಎಂದು ಅರ್ಥ. ತಾಲಿಬಾನರ ಕಾಲದಲ್ಲಿ ಹುಟ್ಟಿದ ಉಪಾಯವೂ ಅಲ್ಲ ಇದು. ಅದಕ್ಕಿಂತ ಬಹಳ ಹಳೆಯದು. 1901ರಿಂದ 1919ರವರೆಗೆ ಆಳಿದ ಹಬೀಬುಲ್ಲಾ ಖಾನ್ ದೊರೆಯ ಅಂತಃಪುರದ ಕಾವಲಿಗೆ ಗಂಡು ಉಡುಪು ತೊಟ್ಟ ಹೆಂಗಸರಿದ್ದರು. ರಾಣಿವಾಸಕ್ಕೆ ಗಂಡಸರನ್ನು ಬಿಡುವಂತಿಲ್ಲ, ಕಾವಲಿಗೆ ಹೆಂಗಸರು ಸಾಲದು ಎಂಬ ಇಕ್ಕಟ್ಟಿಗೆ ಅರಮನೆ ಕಂಡುಕೊಂಡ ದಾರಿ ಅದು. ಆ ಕಾವಲಿನವರ ಒಂದು ಭಾವಚಿತ್ರವೂ ಉಳಿದುಬಂದಿದೆ.

ನಮ್ಮ ಕಾಲದಲ್ಲಿ ಈ ಸಂಗತಿಯನ್ನು ಹೊರಗಿನ ಲೋಕಕ್ಕೆ ವಿವರವಾಗಿ ತಿಳಿಸಿದವರು ಸ್ವೀಡನ್ನಿನ ಪತ್ರಕರ್ತೆ ಯೆನ್ನಿ ನೋರ್ಡ್‌ಬೆರಿ. 2010ರಲ್ಲಿ ಅವರು ಅಮೆರಿಕದ ಪತ್ರಿಕೆಯೊಂದರಲ್ಲಿ ಇದನ್ನು ಕುರಿತು ಬರೆದರು. 2014ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಅವರು ಭೇಟಿ ಮಾಡಿದವರಲ್ಲಿ ಅಜೀತಾ ರಫಾತ್ ಎಂಬವರೊಬ್ಬರು. ಬಾದ್ಗೀಸ್ ಪ್ರಾಂತದಿಂದ ಆರಿಸಿಬಂದು ಕಾಬೂಲಿನ ಸಂಸತ್ತಿನಲ್ಲಿ ಕುಳಿತಿದ್ದ ಹೆಂಗಸು. ಓದಿದವರು, ನಾಲ್ಕು ಜನರ ಮುಂದೆ ನಿಂತು ಮಾತಾಡಬಲ್ಲವರು. ಅವರಿಗೆ ನಾಲ್ವರೂ ಹೆಣ್ಣುಮಕ್ಕಳು. ಮನೆಗೆ ಬಂದವರೆಲ್ಲ ಅಯ್ಯೋ ಪಾಪ ಎನ್ನುವವರೇ. ಒಂದು ಗಂಡು ಹೆರಲಾರದವಳು ನಮಗೇನು ಮಾಡಿಯಾಳು ಎಂಬ ಭಾವನೆ ಮತ ಕೊಡುವವರಲ್ಲೂ ಇತ್ತು. ಕೊನೆಗೆ ಅವರು ತಮ್ಮ ಕಿರಿಯ ಮಗಳಿಗೆ ಕ್ರಾಪು ಹೊಡೆಸಿ, ಹುಡುಗನ ಹೆಸರಿಟ್ಟು, ಷರಾಯಿ ಅಂಗಿ ತೊಡಿಸಿದರು. ಚಿಕ್ಕಂದಿನಲ್ಲಿ ತಾವೂ ಕೆಲವು ಕಾಲ ಹುಡುಗನ ವೇಷದಲ್ಲಿ ತಂದೆಯ ಅಂಗಡಿಯಲ್ಲಿ ದುಡಿದದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಬರಿಯ ಹೆಣ್ಣನ್ನೇ ಹೆರುವವಳಿಗೆ ಅಲ್ಲಿ ಒಂದು ಬೈಗುಳದ ಮಾತೇ ಇದೆಯಂತೆ. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಣಂತಿಯ ಕೋಣೆಯ ಬಾಗಿಲಲ್ಲಿ ‘ಏನು ಮಗು?’ ಎಂದು ಕೇಳಿ, ಉತ್ತರ ಬಂದ ಮೇಲೆ ಒಂದು ಗಳಿಗೆ ಸುಮ್ಮನಾಗಿ, ‘ಹೋಗಲಿ ಬಿಡು, ಲಕ್ಷ್ಮಿ ಬಂದಳು’ ಎನ್ನುತ್ತಾರಲ್ಲ, ಆ ಒಂದು ಗಳಿಗೆಯ ಮೌನ ನಮಗೆಲ್ಲ ಗೊತ್ತಿರುವುದೇ.

ಹೀಗೆ ವೇಷ ಹಾಕಿಸುವುದಕ್ಕೆ ಕಾರಣ ಒಂದೇ ಅಲ್ಲ. ಗಂಡುಮಗನಿಲ್ಲದ ಮನೆಯೆಂಬ ಹೀನಾಯ ತಪ್ಪಲಿ ಎಂಬುದೊಂದು. ಮನೆಯ ಹೆಣ್ಣುಮಕ್ಕಳು ಹೊರಗೆ ಹೋಗಬೇಕಾದರೆ ಜೊತೆಗೊಂದು ‘ಗಂಡು’ ಬೇಕು, ಅಂಗಡಿಯಿಂದ ಸಾಮಾನು ತರಲು, ನಾಲ್ಕು ಕಾಸು ದುಡಿಯಲು ಒಂದು ‘ಗಂಡು’ ಬೇಕು ಎಂಬುದೊಂದು. ಇನ್ನೊಂದು ನಂಬಿಕೆಯೂ ಇದೆ: ಮನೆಯಲ್ಲಿ ಹುಡುಗನ ವೇಷದ ಹುಡುಗಿ ಓಡಾಡಿಕೊಂಡಿದ್ದರೆ ಮುಂದಿನ ಬಸಿರಿನಲ್ಲಿ ನಿಜವಾದ ಗಂಡು ಹುಟ್ಟುತ್ತದೆಂದು. ಹರಕೆಯ ಹಾಗೆ. ಆ ಮಗು ಹರಕೆಗೆ ಬಿಟ್ಟ ಪ್ರಾಣಿಯ ಹಾಗೆ ಬೀದಿಯಲ್ಲಿ ಯಾರ ತಡೆಯೂ ಇಲ್ಲದೆ ಅಲೆಯುತ್ತದೆ. ಅವಧಿ ಮುಗಿಯುವವರೆಗೆ.

ಏನೆಲ್ಲ ಸಿಗುತ್ತದೆ ಆ ಮಗುವಿಗೆ? ಗಾಳಿಪಟ ಹಾರಿಸಬಹುದು. ಸೈಕಲ್ ತುಳಿಯಬಹುದು. ಮರ ಹತ್ತಬಹುದು. ಗಟ್ಟಿಯಾಗಿ ನಗಬಹುದು. ಎದುರಿಗೆ ಬಂದವರ ಮುಖವನ್ನು ನೇರವಾಗಿ ನೋಡಿ ಮಾತಾಡಬಹುದು. ಅಂಗಡಿಯಲ್ಲಿ ಚೌಕಾಶಿ ಮಾಡಬಹುದು. ಮನೆಯಲ್ಲಿ ತಂದೆಯ ಪಕ್ಕ ಕುಳಿತು, ನೆಂಟರು ಬಂದಾಗ ಎದ್ದು ಒಳಗೆ ಹೋಗದೆ, ದೊಡ್ಡವರ ಮಾತಿಗೆ ಕಿವಿಗೊಡಬಹುದು. ಈ ಪಟ್ಟಿಯಲ್ಲಿ ಇಷ್ಟು ವಯಸ್ಸಿಗೇ ಇದು ಬೇಡ ಎನ್ನುವಂಥದ್ದು ಒಂದಾದರೂ ಇದೆಯೇ? ಇವು ಯಾವ ಮಗುವಿಗಾದರೂ ಬೇಕಾದ ಅನ್ನ, ನೀರು, ಗಾಳಿ. ಅದನ್ನು ಪಡೆಯಲು ಅಲ್ಲಿ ಒಂದು ಮಗು ತಾನಲ್ಲದವರಾಗಬೇಕು.

ಇನ್ನೂ ವಿಚಿತ್ರವಾದದ್ದೊಂದಿದೆ. ಈ ಗುಟ್ಟು ಅನೇಕ ಕಡೆ ಗುಟ್ಟೇ ಅಲ್ಲ. ನೆರೆಯವರಿಗೆ ಗೊತ್ತು, ನೆಂಟರಿಗೆ ಗೊತ್ತು, ಎಷ್ಟೋ ಸಲ ಶಾಲೆಯ ಉಪಾಧ್ಯಾಯರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಆ ಮಗುವನ್ನು ಹುಡುಗನೆಂದೇ ಕರೆಯುತ್ತಾರೆ. ಇದನ್ನು ಓದಿದಾಗ ನಾನು ಪುಸ್ತಕ ಮಡಿಸಿಟ್ಟು ಬಹಳ ಹೊತ್ತು ಕುಳಿತೆ. ನೆರೆಯವರಿಗೆ ಗೊತ್ತಿರದಿದ್ದರೆ ಅವರು ಮೋಸಹೋದರು ಎನ್ನಬಹುದಿತ್ತು. ಗೊತ್ತಿದ್ದೂ ಒಪ್ಪಿದರೆ? ಹುಡುಗಿಯೊಬ್ಬಳು ಅಂಗಡಿ ನಡೆಸಬಲ್ಲಳು, ಅಕ್ಕಂದಿರನ್ನು ಕಾಯಬಲ್ಲಳು, ಲೆಕ್ಕ ಹಾಕಬಲ್ಲಳು, ಹೊಡೆದಾಡಬಲ್ಲಳು ಎಂಬುದು ಇಡೀ ಬೀದಿಗೆ ತಿಳಿದಿದೆ. ಹೆಣ್ಣಿಗೆ ಇವೆಲ್ಲ ಕೈಲಾಗದು ಎಂದು ಅವರು ತಡೆಯುತ್ತಿಲ್ಲ. ಕೈಲಾಗುತ್ತದೆಂದು ಚೆನ್ನಾಗಿ ಬಲ್ಲರು. ಅವರು ಕೇಳುವುದು ಇಷ್ಟೇ: ಮಾಡು, ಆದರೆ ಹೆಣ್ಣಾಗಿ ಮಾಡಬೇಡ.

ಹಾಗಾದರೆ ಇದು ಸುಳ್ಳೋ? ಸುಳ್ಳಾದರೆ ಯಾರ ಸುಳ್ಳು?

ಇಂಥ ಕಡೆ ನಮಗೆ ಮಹಾಭಾರತ ನೆನಪಾಗದೆ ಇರುವುದಿಲ್ಲ. ದ್ರುಪದ ತನ್ನ ಮಗಳು ಶಿಖಂಡಿನಿಯನ್ನು ಮಗನೆಂದು ಲೋಕಕ್ಕೆ ಹೇಳಿ ಬೆಳೆಸಿದ. ಬಿಲ್ವಿದ್ಯೆ ಕಲಿಸಿದ. ಅಷ್ಟಕ್ಕೇ ನಿಲ್ಲದೆ ದಶಾರ್ಣದ ರಾಜನ ಮಗಳನ್ನು ತಂದು ಮದುವೆಯನ್ನೂ ಮಾಡಿದ. ಗುಟ್ಟು ಒಡೆಯಿತು. ಬೀಗರು ಸೈನ್ಯ ಕಟ್ಟಿಕೊಂಡು ಬಂದರು. ಆಗ ಕಾಡಿಗೆ ಹೋಗಿ ಪ್ರಾಣ ಬಿಡಲು ಹೊರಟವರು ಯಾರು? ದ್ರುಪದನಲ್ಲ, ಶಿಖಂಡಿನಿ. ತನ್ನಿಂದ ತಂದೆತಾಯಿಗೆ ಈ ಗತಿ ಬಂತೆಂದು ಕೊರಗಿ ಹೊರಟಳು. ಕಾಡಿನಲ್ಲಿ ಯಕ್ಷನೊಬ್ಬ ಸಿಕ್ಕಿ ತನ್ನ ಗಂಡುತನವನ್ನು ಎರವಲು ಕೊಟ್ಟದ್ದರಿಂದ ಜೀವ ಉಳಿಯಿತು. ಸುಳ್ಳು ಹೇಳಿದವರು ಒಬ್ಬರು, ತೆತ್ತವರು ಇನ್ನೊಬ್ಬರು. ಮಕ್ಕಳ ಮೇಲೆ ದೊಡ್ಡವರು ಹೊರಿಸುವ ಸುಳ್ಳಿನ ಲೆಕ್ಕ ಯಾವಾಗಲೂ ಹೀಗೆಯೇ. ಕಾಬೂಲಿನ ಹುಡುಗಿಗೆ ಯಕ್ಷನೂ ಸಿಗುವುದಿಲ್ಲ.

ಏಕೆಂದರೆ ಆ ಅಂಗಿಗೆ ಅವಧಿ ಇದೆ. ಹುಡುಗಿ ಮೈನೆರೆಯುವ ಹೊತ್ತಿಗೆ, ಸಾಮಾನ್ಯವಾಗಿ ಅದಕ್ಕೂ ಸ್ವಲ್ಪ ಮೊದಲೇ, ಅಂಗಿ ಕಳಚಬೇಕು. ಕೂದಲು ಬೆಳೆಯಬೇಕು. ಹಳೆಯ ಹೆಸರು ಮರಳಬೇಕು. ಮುಂದೆ ಮದುವೆ. ಹತ್ತು ವರ್ಷ ಬೀಸುಹೆಜ್ಜೆ ಹಾಕಿದ ಕಾಲು ಚಿಕ್ಕ ಹೆಜ್ಜೆ ಕಲಿಯಬೇಕು. ಎತ್ತಿದ ತಲೆ ತಗ್ಗಬೇಕು. ದನಿ ಇಳಿಯಬೇಕು. ಅಡಿಗೆ, ಹೊಲಿಗೆ, ಹೆಂಗಸರ ಮಾತುಕತೆ ಎಲ್ಲ ಹೊಸದು. ಹುಟ್ಟಿದಂದಿನಿಂದ ಗೋಡೆಯೊಳಗೇ ಇದ್ದವಳಿಗೆ ಗೋಡೆ ಮನೆಯ ಒಂದು ಭಾಗ. ಹೊರಗಿದ್ದು ಒಳಗೆ ಬಂದವಳಿಗೆ ಅದು ಗೋಡೆಯೆಂದೇ ಕಾಣುತ್ತದೆ. ಆ ಸಿನಿಮಾದ ಹುಡುಗಿಯ ಕಥೆಯಲ್ಲಂತೂ ಹುಡುಗನೆಂದು ತಿಳಿದು ಮದ್ರಸಾಕ್ಕೆ ಎಳೆದೊಯ್ದವರು, ಅವಳು ಹೆಣ್ಣೆಂದು ತಿಳಿದ ಮೇಲೆ ನ್ಯಾಯಸ್ಥಾನದ ಮುಂದೆ ನಿಲ್ಲಿಸಿ, ಕೊನೆಗೆ ಒಬ್ಬ ಮುದುಕ ಮುಲ್ಲಾನಿಗೆ ಕಟ್ಟುತ್ತಾರೆ.

ಇಷ್ಟು ಹೇಳಿದ ಮೇಲೆ, ಇದು ತಪ್ಪು, ಮಗುವಿಗೆ ಹೀಗೆ ಮಾಡಬಾರದು ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ನಾನೂ ಮೊದಲು ಹಾಗೆಯೇ ಕೊಟ್ಟಿದ್ದೆ. ಆದರೆ ಮುಂದೆ ಬೇರೆ ಕೆಲವು ಹೆಂಗಸರ ಜೀವನವನ್ನು ಓದಿದಾಗ ನನ್ನ ತೀರ್ಪಿನ ಬಗ್ಗೆ ನನಗೇ ನಾಚಿಕೆಯಾಯಿತು.

ನಾದಿಯಾ ಗುಲಾಮ್ ಹುಟ್ಟಿದ್ದು 1985ರಲ್ಲಿ, ಕಾಬೂಲಿನಲ್ಲಿ. 1993ರಲ್ಲಿ ಅವರ ಮನೆಯ ಮೇಲೆ ಬಾಂಬು ಬಿತ್ತು. ಎಂಟು ವರ್ಷದ ಹುಡುಗಿ ಸುಟ್ಟ ಗಾಯಗಳಿಂದ ಎಷ್ಟೋ ಕಾಲ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಆ ಯುದ್ಧದಲ್ಲೇ ಅಣ್ಣ ತೀರಿಕೊಂಡ. 1996ರಲ್ಲಿ ತಾಲಿಬಾನ್ ಬಂದು ಹೆಂಗಸರ ದುಡಿಮೆಯನ್ನು ನಿಷೇಧಿಸಿದಾಗ, ಹನ್ನೊಂದು ವರ್ಷದ ಆಕೆ ಸತ್ತ ಅಣ್ಣನ ಹೆಸರನ್ನೇ ತೊಟ್ಟು, ತಲೆಗೆ ಪೇಟ ಸುತ್ತಿ, ಕೂಲಿಗೆ ಹೋದರು. ಹತ್ತು ವರ್ಷ ಆ ವೇಷದಲ್ಲೇ ಸಂಸಾರ ಸಾಕಿದರು. 2006ರಲ್ಲಿ ಚಿಕಿತ್ಸೆಗೆಂದು ಸ್ಪೇನಿಗೆ ಹೋದ ಮೇಲೆ ಹೆಂಗಸಾಗಿ ಬಾಳುವುದನ್ನು ಹೊಸದಾಗಿ ಕಲಿತರು. 2010ರಲ್ಲಿ ತಮ್ಮ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದರು. ಆ ಪೇಟ ಇಲ್ಲದಿದ್ದರೆ ಆ ಮನೆಯವರು ಉಣ್ಣುತ್ತಿದ್ದುದೇನು?

ಶಬಾನಾ ಬಸೀಜ್ ರಾಸಿಖ್ ಆರು ವರ್ಷದ ಹುಡುಗಿಯಾಗಿದ್ದಾಗ ಹೆಣ್ಣುಮಕ್ಕಳ ಶಾಲೆಗಳು ಮುಚ್ಚಿದವು. ಅಕ್ಕ ಒಬ್ಬಳೇ ಹೊರಗೆ ಹೋಗುವಂತಿಲ್ಲ. ತಂಗಿಗೆ ಹುಡುಗನ ಉಡುಪು ತೊಡಿಸಿ, ಅಕ್ಕನ ಕಾವಲಿಗೆ ಕಳಿಸಿದರು. ಇಬ್ಬರೂ ದಿನಕ್ಕೊಂದು ದಾರಿ ಹಿಡಿದು, ಪುಸ್ತಕಗಳನ್ನು ದಿನಸಿ ಚೀಲದಲ್ಲಿ ಅಡಗಿಸಿ, ಒಂದು ಮನೆಯೊಳಗೆ ಗುಟ್ಟಾಗಿ ನಡೆಯುತ್ತಿದ್ದ ಶಾಲೆಗೆ ಹೋದರು. ಐದು ವರ್ಷ. ಆ ಶಬಾನಾ ಮುಂದೆ ಅಮೆರಿಕದಲ್ಲಿ ಓದಿ, ಹೆಣ್ಣುಮಕ್ಕಳಿಗಾಗಿ ‘ಸೋಲಾ’ ಎಂಬ ವಸತಿಶಾಲೆ ಕಟ್ಟಿದರು. ಝಹ್ರಾ ಜೋಯಾ ಅವರದೂ ಇಂಥದೇ ಕಥೆ. ಚಿಕ್ಕಂದಿನಲ್ಲಿ ಮೊಹಮ್ಮದ್ ಎಂಬ ಹೆಸರಿನಲ್ಲಿ, ಹುಡುಗನ ಉಡುಪಿನಲ್ಲಿ, ನಡೆದು ಶಾಲೆಗೆ ಹೋಗಿ ಅಕ್ಷರ ಕಲಿತವರು. ದೊಡ್ಡವರಾಗಿ ಪತ್ರಕರ್ತೆಯಾದರು. ಆಫ್ಘನ್ ಹೆಂಗಸರ ಸುದ್ದಿಯನ್ನು ಹೆಂಗಸರೇ ಬರೆಯಬೇಕೆಂದು 2020ರಲ್ಲಿ ‘ರುಖ್ಶಾನಾ’ ಎಂಬ ಸುದ್ದಿಸಂಸ್ಥೆ ಆರಂಭಿಸಿದರು. 2015ರಲ್ಲಿ ಘೋರ್ ಪ್ರಾಂತದಲ್ಲಿ ಕಲ್ಲು ಹೊಡೆದು ಕೊಲ್ಲಲಾದ ತರುಣಿಯ ಹೆಸರು ಅದು.

ಇವರ ತಂದೆತಾಯಿಗಳನ್ನು ನಾವು ಯಾವ ಬಾಯಿಂದ ತಪ್ಪಿತಸ್ಥರೆನ್ನೋಣ? ಹೊಳೆ ತುಂಬಿ ಬಂದಾಗ ಸಿಕ್ಕಿದ ಹಲಗೆ ಹಿಡಿದು ಈಜುವವರಿಗೆ, ಹಲಗೆ ಯಾರದು ಎಂದು ಕೇಳುವುದು ದಡದ ಮೇಲೆ ನಿಂತವರ ಮಾತು.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಶಬಾನಾ ಅವರ ಮನೆಯಲ್ಲಿ ಅಂಗಿ ತೊಡಿಸಿದ್ದು ಅಕ್ಕತಂಗಿಯರಿಬ್ಬರೂ ಓದಲಿ ಎಂದು. ಅಂಗಿ ತೊಟ್ಟವಳ ಹಿಂದೆ ತೊಡದವಳಿಗೂ ದಾರಿ ತೆರೆಯಿತು. ಅಂಗಿ ಕಳಚಿದ ಮೇಲೂ ಆ ದಾರಿ ಮುಚ್ಚಲಿಲ್ಲ. ಬಹಳಷ್ಟು ಮನೆಗಳಲ್ಲಿ ನಡೆಯುವುದು ಇದಲ್ಲ. ಅಲ್ಲಿ ಒಬ್ಬಳ ತಟ್ಟೆಗೆ ದೊಡ್ಡ ತುಂಡು ಬೀಳುತ್ತದೆ, ಅವಳು ಹುಡುಗನಲ್ಲವೇ! ಅಕ್ಕಂದಿರು ಅವಳ ಬಟ್ಟೆ ಒಗೆಯುತ್ತಾರೆ, ಅವಳು ಹುಡುಗನಲ್ಲವೇ! ಅವಳು ಬೀದಿಯಲ್ಲಿ ಅಕ್ಕಂದಿರ ಮುಂದೆ ನಡೆಯುತ್ತಾಳೆ. ಒಬ್ಬಳು ಗೋಡೆ ದಾಟಿದಳೆಂದು ಗೋಡೆ ಬೀಳಲಿಲ್ಲ. ಗೋಡೆಗೊಂದು ಕಳ್ಳಬಾಗಿಲು ಇಟ್ಟದ್ದರಿಂದ ಅದನ್ನು ಕೆಡವಬೇಕೆಂಬ ಮಾತೇ ಏಳಲಿಲ್ಲ. ಗಂಡಿಲ್ಲದ ಮನೆಗೆ ಹೆಣ್ಣೇ ಸಾಕು ಎಂದು ಒಪ್ಪಬೇಕಾಗಿದ್ದ ಸಮಾಜ, ಗಂಡಿಲ್ಲದಿದ್ದರೆ ಗಂಡು ಮಾಡಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಂಡಿತು.

ಕೆಲವರು ಅಂಗಿಯನ್ನು ಹಿಂದಿರುಗಿಸಲು ಒಪ್ಪದವರೂ ಇದ್ದಾರೆ. ಖೋಸ್ತ್ ಪ್ರಾಂತದ ಉಕ್ಮೀನಾ ಮನೂರಿ ಅಂಥವರು. ಮೈನೆರೆದಾಗ ಅಂಗಿ ಬಿಚ್ಚು ಎಂದವರಿಗೆ ಆಗದು ಎಂದರು. ಪೇಟ ಬಿಡಲಿಲ್ಲ, ಮದುವೆಯಾಗಲಿಲ್ಲ. ಗಂಡಸರ ನಡುವೆ ಗಂಡಸಿನ ಹಾಗೆಯೇ ಬಾಳಿದರು. ಪ್ರಾಂತದ ಪರಿಷತ್ತಿಗೂ ಆರಿಸಿಬಂದರು. 2013ರಲ್ಲಿ ಅವರ ಆತ್ಮಕಥೆ ಫ್ರೆಂಚ್ ಭಾಷೆಯಲ್ಲಿ ಬಂತು. ಅವರ ಧೈರ್ಯಕ್ಕೆ ಕೈಮುಗಿಯಬೇಕು. ಆದರೆ ಸ್ವಾತಂತ್ರ್ಯ ಬೇಕೆಂದರೆ ಮನೆ, ಮಕ್ಕಳು, ಹೆಣ್ಣುಬಾಳಿನ ಸುಖದುಃಖ ಎಲ್ಲವನ್ನೂ ಬಿಟ್ಟುಕೊಡು ಎಂದು ಗಂಡಸರನ್ನು ಯಾರಾದರೂ ಕೇಳಿದ್ದುಂಟೇ?

ಇವರೆಲ್ಲರ ಪಕ್ಕದಲ್ಲಿ ನಾನು ಇನ್ನೊಬ್ಬ ಹುಡುಗಿಯನ್ನು ಇಟ್ಟು ನೋಡುತ್ತೇನೆ. ಆಕೆ ಗಡಿಯ ಈಚೆಯವಳು, ಪಾಕಿಸ್ತಾನದ ದಕ್ಷಿಣ ವಜೀರಿಸ್ತಾನದಲ್ಲಿ 1990ರಲ್ಲಿ ಹುಟ್ಟಿದ ಪಶ್ತೂನ್ ಹುಡುಗಿ, ಮರಿಯಾ ತೂರ್ಪಕಾಯ್. ನಾಲ್ಕು ವರ್ಷದವಳಿದ್ದಾಗ ತನ್ನ ಲಂಗಗಳನ್ನೆಲ್ಲ ಒಟ್ಟಿ ಬೆಂಕಿ ಹಚ್ಚಿ, ಕೂದಲು ಕತ್ತರಿಸಿಕೊಂಡು, ಅಣ್ಣನ ಬಟ್ಟೆ ತೊಟ್ಟು ನಿಂತಳಂತೆ. ತಂದೆ ನೋಡಿ ನಕ್ಕು, ಅವಳಿಗೆ ಚೆಂಗೀಸ್ ಖಾನ್ ಎಂದು ಹೆಸರಿಟ್ಟರು. ಆ ಹೆಸರಿನಲ್ಲೇ ಅವಳು ಹುಡುಗರೊಂದಿಗೆ ಭಾರ ಎತ್ತುವ ಸ್ಪರ್ಧೆಗೂ ಇಳಿದಳು. ಮುಂದೆ ಸ್ಕ್ವಾಷ್ ಆಟ ಕಲಿಯಲು ಹೋದಾಗ ಜನನಪತ್ರ ಕೇಳಿದರು, ಹೆಣ್ಣೆಂದು ಗೊತ್ತಾಯಿತು. ಅಂಗಿ ಕಳಚುವ ಆ ದಿನ ಅವಳ ಪಾಲಿಗೂ ಬಂತು. ಆದರೆ ತಂದೆ ರಾಕೆಟ್ಟನ್ನು ಕಸಿದುಕೊಳ್ಳಲಿಲ್ಲ. ಹುಡುಗನಾಗಿ ಪಡೆದದ್ದನ್ನು ಹುಡುಗಿಯಾಗಿ ಇಟ್ಟುಕೊ ಎಂದರು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ತಾಲಿಬಾನಿನಿಂದ ಬೆದರಿಕೆ ಬಂದು ಅವಳು ವರ್ಷಗಟ್ಟಲೆ ಮನೆಯ ಕೋಣೆಯೊಳಗೆ ಗೋಡೆಗೆ ಚೆಂಡು ಹೊಡೆಯುತ್ತ ಅಭ್ಯಾಸ ಮಾಡಬೇಕಾಯಿತು. 2011ರಲ್ಲಿ ಕೆನಡಾಕ್ಕೆ ಹೋಗಿ ಆಟ ಮುಂದುವರಿಸಿದಳು.

ಇವಳ ಕಥೆ ಓದಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಅಂಗಿ ತೊಡಿಸುವುದು ಸರಿಯೋ ತಪ್ಪೋ ಎಂದು ಕೇಳುತ್ತಿದ್ದೆ. ಕೇಳಬೇಕಾದದ್ದು ಅದಲ್ಲ. ಅಂಗಿ ಕಳಚುವ ದಿನ ಏನಾಗುತ್ತದೆ ಎಂಬುದು. ತೊಡಿಸುವ ದಿನ ತಾಯಿ ಅಸಹಾಯಕಳಿರಬಹುದು. ಹೊಟ್ಟೆಪಾಡು, ಭಯ, ಊರಿನ ಬಾಯಿ, ಎಲ್ಲ ಸೇರಿ ಅವಳ ಕೈಗೆ ಕತ್ತರಿ ಕೊಟ್ಟಿರಬಹುದು. ಕಳಚುವ ದಿನ ಅವಳ ಮುಂದೆ ಒಂದು ಸತ್ಯ ನಿಂತಿರುತ್ತದೆ. ಈ ಹತ್ತು ವರ್ಷ ದುಡಿದವಳು, ಕಾದವಳು, ಮಾತಾಡಿದವಳು ತನ್ನ ಮಗಳು, ಅಂಗಿಯಲ್ಲ. ಅದನ್ನು ಕಣ್ಣಾರೆ ಕಂಡೂ ‘ಇನ್ನು ಒಳಗೆ ನಡೆ’ ಎನ್ನುವುದೇ ನಿಜವಾದ ಸುಳ್ಳು. ಕೊಟ್ಟದ್ದು ಎರವಲೋ, ಮಗಳ ಸ್ವಂತದ್ದೋ ಎಂಬುದು ಆ ದಿನ ತೀರ್ಮಾನವಾಗುತ್ತದೆ.

ಇದನ್ನು ಇಷ್ಟು ಖಾರವಾಗಿ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ಹೇಳಿಕೊಳ್ಳಲು ಸಂಕೋಚ, ಕಾಬೂಲಿನ ಕಷ್ಟದ ಮುಂದೆ ಇದು ಏನೇನೂ ಅಲ್ಲ. ಆದರೂ ಹೇಳುತ್ತೇನೆ.

ನಮ್ಮಪ್ಪನಿಗೆ ನಾವು ಮೂವರು ಹೆಣ್ಣುಮಕ್ಕಳು. ನಾನು ಹಿರಿಯವಳು. ಊರಿನಲ್ಲಿ ಅಪ್ಪನದೊಂದು ಸಣ್ಣ ಕಿರಾಣಿ ಅಂಗಡಿ. ಹೈಸ್ಕೂಲಿನಿಂದ ಬಂದವಳು ಸಂಜೆ ಗಲ್ಲಾದ ಮೇಲೆ ಕೂರುತ್ತಿದ್ದೆ. ಸಾಲದ ಪುಸ್ತಕ ನನ್ನ ಕೈಬರಹ. ಬ್ಯಾಂಕು, ಕಂದಾಯ, ಕರೆಂಟಿನ ಬಿಲ್ಲು ಎಲ್ಲ ನನ್ನದೇ. ಬಂದವರಿಗೆಲ್ಲ ಅಪ್ಪ ಹೇಳುತ್ತಿದ್ದರು: ‘ಇವಳು ಮಗಳಲ್ಲಪ್ಪ, ನಮ್ಮನೆ ಗಂಡುಮಗ.’ ಆ ಮಾತು ಕೇಳಿದಾಗ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು. ಅಲ್ಲೇ ಅಕ್ಕಿ ಆರಿಸುತ್ತ ಕುಳಿತ ಅಮ್ಮನ ಮುಖವನ್ನಾಗಲಿ, ತಂಗಿಯರ ಮುಖವನ್ನಾಗಲಿ ನಾನು ನೋಡಿದವಳಲ್ಲ. ನಾನು ಗಂಡುಮಗನಾದರೆ ಅವರು ಏನಾದರು ಎಂದು ಯೋಚಿಸಲಿಲ್ಲ.

ಅಪ್ಪ ಕಾಯಿಲೆ ಬಿದ್ದಾಗ ಮೂರು ತಿಂಗಳು ಆಸ್ಪತ್ರೆಗೆ ಅಲೆದವಳು ನಾನು. ರಾತ್ರಿ ಬೆಂಚಿನ ಮೇಲೆ ಮಲಗಿದವಳು ನಾನು. ಅಪ್ಪ ತೀರಿಕೊಂಡರು. ದೂರದ ಊರಿನಿಂದ ದೊಡ್ಡಪ್ಪನ ಮಗ ಬಂದ. ಅವನು ಬಂದ ಟ್ಯಾಕ್ಸಿಯ ಬಾಡಿಗೆಯನ್ನೂ ನಾನೇ ಕೊಟ್ಟೆ. ಮೂರು ವರ್ಷದಿಂದ ಅವನು ಅಪ್ಪನ ಮುಖ ನೋಡಿರಲಿಲ್ಲ. ಅಂಗಳದಲ್ಲಿ ನಾನು ಮುಂದೆ ಹೋಗಿ ನಿಂತಾಗ ಚಿಕ್ಕಪ್ಪ ಮೆಲ್ಲಗೆ, ನೋಯಿಸಬೇಕೆಂದೇನೂ ಅಲ್ಲ, ‘ಇದೆಲ್ಲ ಗಂಡುಮಕ್ಕಳು ಮಾಡೋದಮ್ಮ. ನೀನು ಒಳಗೆ ಹೋಗು, ಅಮ್ಮನ್ನ ನೋಡ್ಕೋ’ ಎಂದರು. ನಾನು ಒಳಗೆ ಹೋದೆ. ಬೆಂಕಿ ಇಟ್ಟವನು ಅವನು. ಹದಿನಾರು ವರ್ಷ ನಾನು ತೊಟ್ಟಿದ್ದ ಅಂಗಿಯನ್ನು ಯಾರೂ ಕೂಗಾಡದೆ, ಎಳೆದಾಡದೆ, ಒಂದೇ ಮಾತಿನಲ್ಲಿ ಕಳಚಿಬಿಟ್ಟರು.

ಆಗ ನನಗೆ ಸಿಟ್ಟು ಬಂದದ್ದು ಚಿಕ್ಕಪ್ಪನ ಮೇಲೆ. ಬಹಳ ವರ್ಷಗಳ ಮೇಲೆ, ಆ ಸಿನಿಮಾ ನೋಡಿದ ರಾತ್ರಿ, ನನಗೆ ಬೇರೆಯೇ ಒಂದು ಹೊಳೆಯಿತು. ಚಿಕ್ಕಪ್ಪ ಹೊಸದೇನನ್ನೂ ಹೇಳಿರಲಿಲ್ಲ. ‘ಇವಳು ಮಗಳಲ್ಲ, ಗಂಡುಮಗ’ ಎಂದಾಗಲೇ ಅಪ್ಪ, ಪಾಪ, ಅಷ್ಟು ಪ್ರೀತಿಯ ಅಪ್ಪ, ಮಗಳಿಗೆ ಇದು ಸಲ್ಲುವುದಿಲ್ಲ ಎಂದು ಹೇಳಿಬಿಟ್ಟಿದ್ದರು. ಹೊಗಳಿಕೆಯೊಳಗೇ ಕಸಿದುಕೊಳ್ಳುವ ಮಾತೂ ಇತ್ತು. ‘ನನ್ನ ಮಗಳು ಅಂಗಡಿ ನೋಡ್ಕೋತಾಳೆ’ ಎಂದಿದ್ದರೆ ಸಾಕಾಗಿತ್ತು. ಅಂಗಳದಲ್ಲಿ ನನಗೆ ನಿಲ್ಲಲು ಜಾಗ ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಒಳಗೆ ಹೋಗು ಎಂದಾಗ ಏಕೆ ಎಂದು ಕೇಳುವ ಬಾಯಿಯಾದರೂ ಇರುತ್ತಿತ್ತು. ಗಂಡುಮಗನ ಹೆಸರಿನಲ್ಲಿ ಪಡೆದದ್ದಕ್ಕೆ ಮಗಳು ಯಾವ ಬಾಯಿಂದ ಹಕ್ಕು ಕೇಳಬೇಕು?

ಆಫ್ಘಾನಿಸ್ತಾನದ ಮಾತಿಗೆ ಮರಳುತ್ತೇನೆ. 2021ರ ಆಗಸ್ಟ್ 15ರಂದು ಕಾಬೂಲ್ ಮತ್ತೆ ತಾಲಿಬಾನಿನ ಕೈಗೆ ಬಂತು. ಆ ವರ್ಷದ ಡಿಸೆಂಬರಿನಲ್ಲಿ, 72 ಕಿಲೋಮೀಟರಿಗಿಂತ ದೂರ ಹೋಗುವ ಹೆಂಗಸಿಗೆ ಹತ್ತಿರದ ಗಂಡಸು ಜೊತೆಗಿರಬೇಕೆಂದು ಅಪ್ಪಣೆಯಾಯಿತು. 2022ರ ಮಾರ್ಚ್ 23ರಂದು ಹೈಸ್ಕೂಲು ತೆರೆಯುತ್ತದೆಂದು ಚೀಲ ಹೆಗಲಿಗೇರಿಸಿ ಹೋದ ಹುಡುಗಿಯರನ್ನು ಅದೇ ಬೆಳಿಗ್ಗೆ ಮನೆಗೆ ಕಳಿಸಿದರು. ಆರನೆಯ ತರಗತಿಯ ಮೇಲೆ ಹೆಣ್ಣಿಗೆ ಶಾಲೆಯಿಲ್ಲ. ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳ ಬಾಗಿಲೂ ಮುಚ್ಚಿತು. 2024ರ ಆಗಸ್ಟಿನಲ್ಲಿ ಬಂದ ಕಾನೂನು ಹೆಣ್ಣಿನ ದನಿ ಹೊರಗೆ ಕೇಳಬಾರದೆಂದಿತು. ಶಬಾನಾ ತಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ರುವಾಂಡಾ ದೇಶಕ್ಕೆ ಹೋದರು. ಝಹ್ರಾ ಲಂಡನ್ನಿನಿಂದ ತಮ್ಮ ಸುದ್ದಿಸಂಸ್ಥೆ ನಡೆಸತೊಡಗಿದರು.

ಈ ಕಟ್ಟಳೆಗಳ ಕ್ರಮವನ್ನು ನೋಡಿ. ಶಾಲೆ ನಿಲ್ಲುವುದು ಆರನೆಯ ತರಗತಿಗೆ, ಅಂದರೆ ಸರಿಸುಮಾರು ಹುಡುಗಿಗೆ ಹುಡುಗನ ಅಂಗಿ ಇನ್ನು ಹೊಂದುವುದಿಲ್ಲ ಎನ್ನುವ ವಯಸ್ಸಿಗೆ. ಎರವಲು ಅಂಗಿ ಹರಿದುಹೋಗುವ ಜಾಗದಲ್ಲೇ ಬಾಗಿಲು ಹಾಕಿದ್ದಾರೆ. ಚಿಕ್ಕ ಹುಡುಗಿಯೊಬ್ಬಳು ಅಂಗಿ ತೊಟ್ಟು ಅಕ್ಕನ ಜೊತೆ ಬೀದಿ ದಾಟಬಹುದು. ಬೀದಿಯ ಆ ಕೊನೆಯಲ್ಲಿ ಅಕ್ಕನಿಗೆ ಶಾಲೆಯೇ ಇಲ್ಲ. ಉಪಾಯದಿಂದ ಒಂದು ಮನೆ ಉಳಿದೀತು. ಇಡೀ ನಾಡಿನ ಹೆಣ್ಣುಮಕ್ಕಳನ್ನು ಉಳಿಸಲು ಉಪಾಯ ಸಾಲದು.

ಹಾಗೆಂದು ಆ ತಾಯಂದಿರ ಕೈಯಿಂದ ಕತ್ತರಿ ಕಸಿದುಕೊಳ್ಳಿ ಎಂದು ನಾನು ಹೇಳಲಾರೆ. ಹಸಿದ ಮನೆಯಲ್ಲಿ ಕುಳಿತು ಮಗಳ ಜಡೆ ಹಿಡಿದುಕೊಂಡಿರುವ ಹೆಂಗಸಿಗೆ ಇಲ್ಲಿ ಬೆಚ್ಚಗೆ ಕುಳಿತು ನೀತಿ ಹೇಳುವುದು ನನ್ನಿಂದಾಗದು. ನಾನು ಹೇಳಬಹುದಾದದ್ದು ನಮಗೆ, ಕತ್ತರಿ ಹಿಡಿಯುವ ಕಷ್ಟವಿಲ್ಲದವರಿಗೆ. ನಾವು ಮಗಳಿಗೆ ಗಂಡಿನ ಅಂಗಿ ತೊಡಿಸುವುದಿಲ್ಲ, ಬಾಯಿಮಾತಿನಲ್ಲಿ ತೊಡಿಸುತ್ತೇವೆ. ಸ್ಕೂಟರು ಓಡಿಸಿದರೆ, ಕೆಲಸ ಹಿಡಿದರೆ, ತಂದೆತಾಯಿಯನ್ನು ಸಾಕಿದರೆ, ಗಂಡುಮಗನ ಹಾಗೆ ಎನ್ನುತ್ತೇವೆ. ಪ್ರೀತಿಯಿಂದಲೇ ಎನ್ನುತ್ತೇವೆ. ನಾನೂ ನನ್ನ ಮಗಳಿಗೆ ಎಷ್ಟೋ ಸಲ ಅಂದಿದ್ದೇನೆ. ಈಗ ಆ ಮಾತು ನಾಲಿಗೆಯ ತುದಿಗೆ ಬಂದಾಗ ತಡೆದುಕೊಳ್ಳುತ್ತೇನೆ. ಅಭ್ಯಾಸಬಲ, ಕೆಲವು ಸಲ ತಪ್ಪಿ ಬಂದುಬಿಡುತ್ತದೆ.

ಆ ಕುಂಡದಲ್ಲಿ ನೆಟ್ಟ ಕೂದಲು ಚಿಗುರುವುದಿಲ್ಲವೆಂದು ಆ ಹುಡುಗಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದಿರಬೇಕು. ಆದರೂ ನೆಟ್ಟಳು. ಬೀದಿಯಲ್ಲಿ ಹುಡುಗನಾಗಿ ಓಡಾಡಿ ಬಂದು, ಮನೆಯಲ್ಲಿ ತಾನು ಯಾರೆಂಬುದಕ್ಕೆ ಒಂದು ಗುರುತು ಬೇಕಿತ್ತು ಅವಳಿಗೆ. ಅಂಗಿಯಿಲ್ಲದೆಯೂ, ಹೆಸರು ಬದಲಾಯಿಸದೆಯೂ, ತಾನು ತಾನಾಗಿಯೇ ಬೀದಿಗೆ ಇಳಿಯುವ ದಿನಕ್ಕೆ ಅದನ್ನು ಜೋಪಾನ ಮಾಡಿಟ್ಟಳೇನೋ. ಆ ದಿನ ಅವಳಿಗೆ ಬರಲಿಲ್ಲ.